ಶರೀಫಜ್ಜನ ಪದಕ್ಕೆ ಗಿಟಾರು: ಮೂರು ಆಲ್ಬಮ್ ಪಕ್ಕಪಕ್ಕ ಇಟ್ಟು ಕೇಳಿದ್ದು

ಹೋದ ತಿಂಗಳು ತಂಗಿ ಫೋನ್ ಮಾಡಿ, ಅಣ್ಣ ದೇವ್ರು-ತತ್ವ ಎಲ್ಲ ಇರ್ಬೇಕು ಆದ್ರೆ ಗಿಟಾರೂ ಡ್ರಮ್ಸೂ ಜೋರಾಗೇ ಇರ್ಬೇಕು, ಅಂಥದ್ದು ಒಂದು ಆಲ್ಬಮ್ ಹೇಳು ಅಂದ್ಲು. ಬಾಯಿಗೆ ಬಂದಿದ್ದು ರಘು ದೀಕ್ಷಿತ್ ಹೆಸರು, ಆದ್ರೆ ಮೊದಲನೇ ಆಲ್ಬಮ್ಮೋ ಎರಡನೇದೋ, ಅಥವಾ ಅಗಂ ಬ್ಯಾಂಡ್ ಕೇಳು ಅನ್ಲೋ ಅಂತ ಅಲ್ಲೇ ತಡವರಿಸಿದೆ. ಆಮೇಲೆ ನಂಗೇ ಹಠ ಬಂತು. ಮೂರನ್ನೂ ಮತ್ತೆ ಮೊದಲಿಂದ ಕೇಳಿದೆ, ಆಫೀಸ್ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು, ರಾತ್ರಿ ರೂಮಲ್ಲಿ ಗಿಟಾರ್ ಹಿಡ್ಕೊಂಡು ಜೊತೆಗೆ ನುಡಿಸ್ತಾ, ಕೊನೆಗೆ ಗದಗ ಕಡೆ ನಮ್ಮಜ್ಜಿ ಮನೆಗೆ ಹೋದಾಗ ಪಡಸಾಲೇಲಿ ಸಣ್ಣ ಸ್ಪೀಕರ್ ಇಟ್ಟು ಅಜ್ಜಿ ಜೊತೆ ಕೂತು.

ಮೊದಲು ರಘು ದೀಕ್ಷಿತ್ 2008ರ ಆಲ್ಬಮ್. ಮೈಸೂರಲ್ಲಿ ಬೆಳೆದ ಹುಡುಗ, ಮೈಕ್ರೋಬಯಾಲಜೀಲಿ ಗೋಲ್ಡ್ ಮೆಡಲ್, ಭರತನಾಟ್ಯ ಕಲಿತವರು, ಗಿಟಾರ್ ಶುರು ಮಾಡಿದ್ದು ಕಾಲೇಜಲ್ಲಿ ಯಾರೋ ಚಾಲೆಂಜ್ ಹಾಕಿದ್ರು ಅಂತ. ಎಷ್ಟೋ ವರ್ಷ ಯಾವ ಕಂಪನೀನೂ ಇವರ ಹಾಡು ತಗೊಳ್ಲಿಲ್ಲ, ಕೊನೆಗೆ ಹಿಂದಿ ಸಿನಿಮಾ ಸಂಗೀತದ ವಿಶಾಲ್-ಶೇಖರ್ ಜೋಡಿ ತಮ್ಮದೇ ಸಣ್ಣ ಲೇಬಲ್ಲಿಂದ ಹೊರಗೆ ತಂದ್ರು. ಅದ್ರಲ್ಲಿ ಹಿಂದಿ ಇದೆ, ಇಂಗ್ಲಿಷ್ ಇದೆ, ಆದ್ರೆ ನನ್ನ ಪಾಲಿಗೆ ಆ ಆಲ್ಬಮ್ಮಿನ ಜೀವ ಅಂದ್ರೆ ಶಿಶುನಾಳ ಶರೀಫರ ಎರಡು ತತ್ವಪದ, ‘ಗುಡುಗುಡಿಯ ಸೇದಿ ನೋಡೋ’ ಮತ್ತೆ ‘ಸೋರುತಿಹುದು ಮನಿಯ ಮಾಳಿಗಿ’.

ಗುಡುಗುಡಿ ಹಾಡನ್ನ ಕಾಲೇಜ್ ಹುಡುಗ್ರು ಹುಕ್ಕಾ ಹಾಡು ಅಂದ್ಕೊಂಡು ಕುಣೀತಾರೆ, ಕುಣೀಲಿ ಬಿಡಿ, ಕುಣಿಸೋ ಹಾಡೇ ಅದು. ಆದ್ರೆ ಒಂದ್ಸಲ ಪದ ಹಿಡಿದು ಕೇಳಿ. ಮನಸ್ಸೇ ಸಂಚಿ, ಮೋಹವೇ ಕೊಚ್ಚಬೇಕಾದ ಭಂಗಿಸೊಪ್ಪು, ಬುದ್ಧಿಯೇ ಬೆಂಕಿ. ಸೇದೋದು ಹೊಗೆ ಅಲ್ಲ, ಸುಡೋದು ನಮ್ಮ ಒಳಗಿನ ರೋಗ. ಇದನ್ನ ರಾಕ್ ತಾಳಕ್ಕೆ ಕೂರಿಸಿದಾಗ ಅರ್ಥ ಸಾಯೋ ಅಪಾಯ ಇತ್ತು, ಆದ್ರೆ ರಘು ಒಂದೊಂದು ಪದಾನೂ ಬಿಡಿಸಿ ಹೇಳ್ತಾರೆ, ಗಿಟಾರ್ ಎಷ್ಟೇ ಜೋರಾದ್ರೂ ಮಾತು ಮುಚ್ಚಿಹೋಗಲ್ಲ. ನಾನು ಜೊತೆಗೆ ನುಡಿಸೋಕೆ ಕೂತಾಗ ಗೊತ್ತಾಗಿದ್ದು ಏನಂದ್ರೆ ಬಲಗೈ ಕೆಲಸಾನೇ ಎಲ್ಲ, ತಂತಿ ಮೇಲೆ ಕೈ ಬೀಸಿ ಬಾರಿಸೋ ಸ್ಟ್ರಮ್ಮಿಂಗ್ ಒಂದ್ ಚೂರು ಸಡಿಲ ಆದ್ರೂ ಹಾಡು ಕುಂತುಬಿಡತ್ತೆ.

ಇನ್ನು ಮಾಳಿಗಿ. ಈ ಹಾಡಿನ ವಿಷಯ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ನಾನು ಸೋರೋ ಮಾಳಿಗೆ ಕೆಳಗೆ ಮಲಗಿದವನು. ಅಜ್ಜಿ ಮನೆ ಆಗ ಪೂರ್ತಿ ಮಣ್ಣಿನ ಮಾಳಿಗೆ, ಮಳೆಗಾಲಕ್ಕೆ ಮುಂಚೆ ಮೇಲೆ ಮಣ್ಣು ಹಾಕಿ ತುಳೀತಿದ್ರು, ಆದ್ರೂ ಜೋರ್ ಮಳೆ ಬಂದ ರಾತ್ರಿ ಎಲ್ಲೋ ಒಂದ್ ಕಡೆ ತೊಟ್ಟಿಕ್ಕೋಕೆ ಶುರು ಆಗೋದು, ಅಜ್ಜಿ ಕತ್ತಲಲ್ಲೇ ಎದ್ದು ತಪೇಲಿ ತಂದಿಡೋರು, ಇನ್ನೊಂದ್ ಕಡೆ ಬೋಗುಣಿ, ನಮ್ಮ ಹಾಸಿಗೆ ಎಳ್ದು ಎಳ್ದು ಒಂದ್ ಮೂಲೆಗೆ ಬರೋದು. ತಪೇಲಿಗೆ ಬೀಳೋ ಹನಿ ಸದ್ದು ಒಂಥರಾ, ಬೋಗುಣಿಗೆ ಬೀಳೋದು ಒಂಥರಾ. ಶರೀಫರು ಮುರುಕು ತೊಲೆ, ಹುಳುಕು ಜಂತಿ ಅಂತ ಹಾಡ್ತಾರಲ್ಲ, ಅದು ಅಲಂಕಾರಕ್ಕೆ ಹುಡುಕಿದ ಮಾತಲ್ಲ, ಶಿಶುನಾಳ ಸೀಮೆಯ ಮನೆಮನೆ ಮಾತು. ಅಜ್ಞಾನದಿಂದ ಮನೆ ಸೋರ್ತಿದೆ, ಕತ್ತಲಲ್ಲಿ ಮೇಲೆ ಹತ್ತೋಕೂ ಆಗ್ತಿಲ್ಲ, ಗಟ್ಟಿ ಮಾಡೋರೂ ಯಾರಿಲ್ಲ.

ನಾವೆಲ್ಲ ಈ ಪದ ಕೇಳಿ ಬೆಳೆದಿದ್ದು ಸಿ. ಅಶ್ವತ್ಥ್ ದನೀಲಿ, 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದ್ಮೇಲಂತೂ ಊರ ಜಾತ್ರೆ, ಗಣಪತಿ ಪೆಂಡಾಲು ಎಲ್ಲಾ ಕಡೆ ಅದೇ. ಅಶ್ವತ್ಥ್ ಹಾಡಿದ್ರೆ ಗುರು ಎದುರಿಗೆ ನಿಂತು ಎಚ್ಚರಿಸಿದಂಗಿರತ್ತೆ. ರಘು ಹಾಡಿದ್ರೆ ಆ ಸೋರೋ ಮನೆ ಒಳಗೇ ಇರೋನು ಕೂಗ್ದಂಗೆ. ಗಂಟಲು ಬಿಚ್ಚಿ ಕೂಗ್ತಾರೆ, ಗಿಟಾರ್ ಆ ಕೂಗನ್ನ ಎತ್ತಿ ಹಿಡಿಯತ್ತೆ, ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಾ ನನ್ನ ಕಣ್ಣು ತುಂಬಿದ್ದು ನಿಜ. ಅಶ್ವತ್ಥ್ ಮುಂದೆ ಬೇರೆಯವರು ಈ ಪದ ಮುಟ್ಟಲೇಬಾರದು ಅನ್ನೋರಿದ್ದಾರೆ, ನಾನು ಒಪ್ಪಲ್ಲ. ಶರೀಫರು ಮುಸಲ್ಮಾನರ ಮನೇಲಿ ಹುಟ್ಟಿ ಬ್ರಾಹ್ಮಣ ಗೋವಿಂದಭಟ್ಟರನ್ನ ಗುರು ಮಾಡ್ಕೊಂಡೋರು, ಅವರ ಪದಕ್ಕೆ ನಾವು ಬೇಲಿ ಹಾಕೋದು ಸರಿಯಲ್ಲ.

ಎರಡನೇದು ರಘು ಅವರದ್ದೇ 2013ರ ‘ಜಗ್ ಚಂಗಾ’. ಸದ್ದು, ರೆಕಾರ್ಡಿಂಗ್ ಅಂತ ನೋಡಿದ್ರೆ ನನ್ನ ಕಿವಿಗೆ ಇದೇ ಮುಂದೆ, ವಾದ್ಯಗಳು ಬಿಡಿಬಿಡಿಯಾಗಿ ಕೇಳ್ತವೆ, ಎಲ್ಲಾ ನುಣುಪಾಗಿದೆ. ‘ಲೋಕದ ಕಾಳಜಿ’ ಇದ್ರಲ್ಲೇ ಇರೋದು. ಲೋಕದ ಕಾಳಜಿ ಮಾಡ್ತೀನಿ ಅಂತೀಯಲ್ಲ, ಬೇಡ ಅಂದೋರು ಯಾರು, ಮಾಡಪ್ಪ ಚಿಂತೆ ಅಂತ ಶರೀಫರು ಕೇಳೋದು ಬೆಳಗ್ಗೆ ಎದ್ದ ತಕ್ಷಣ ಕೇಳ್ಬೇಕಾದ ಮಾತು, ಸೋಮವಾರ ಆಫೀಸಿಗೆ ಹೋಗೋವಾಗ ನಾನು ಹಾಕೋದು ಇದನ್ನೇ. ಅಷ್ಟಾದ್ರೂ ಇಡೀ ಆಲ್ಬಮ್ ಒಂದೇ ಓಟಕ್ಕೆ ಕೇಳಿದಾಗ ಮೊದಲನೇದ್ರಲ್ಲಿದ್ದ ಹಸಿವು ಇಲ್ಲಿ ಕಮ್ಮಿ ಅನ್ಸತ್ತೆ. ಅದು ವರ್ಷಗಟ್ಲೆ ಒಳಗೇ ಕುದ್ದು ಹೊರಗೆ ಬಂದಿದ್ದು, ಇದು ಹೆಸರು ಆದ್ಮೇಲೆ ಬಂದಿದ್ದು, ವ್ಯತ್ಯಾಸ ಇದ್ದೇ ಇರತ್ತೆ.

ಮೂರನೇದು ಅಗಂ, ಬೆಂಗಳೂರಿನ ಬ್ಯಾಂಡೇ, 2017ರ ‘ಎ ಡ್ರೀಮ್ ಟು ರಿಮೆಂಬರ್’. ಕರ್ನಾಟಕ ಸಂಗೀತ ಮತ್ತೆ ಪ್ರೋಗ್ರೆಸಿವ್ ರಾಕ್, ಅಂದ್ರೆ ತಾಳ-ಲಯ ಬದಲಾಯಿಸ್ತಾ ಹೋಗೋ ಜಟಿಲ ರಾಕ್, ಎರಡೂ ಸೇರಿದ್ದು. ಗಿಟಾರ್ ಕಲಿಯೋರು ಮೂರ್ರಲ್ಲಿ ಒಂದೇ ಕೇಳೋದಾದ್ರೆ ಇದನ್ನ ಕೇಳ್ರಪ್ಪ, ಕಣ್ಣು ಮುಚ್ಚಿ ಹೇಳ್ತೀನಿ. ನಳಿನಕಾಂತಿ ರಾಗದಲ್ಲಿ ತ್ಯಾಗರಾಜರ ‘ಮನವ್ಯಾಲಕಿಂಚ’ ಇದೆ, ಮನಸೇ ನನ್ನ ಮನವಿ ಕೇಳಬಾರದೇ, ಮರ್ಮ ಎಲ್ಲ ಹೇಳ್ತೀನಿ ಅನ್ನೋ ಕೃತಿ. ಕರ್ಮಕಾಂಡಕ್ಕೆ ಸಿಕ್ಕಿ ಸಂಸಾರದ ಕಾಡಲ್ಲಿ ಅಲೆಯೋರ ಬಗ್ಗೆ ಅದು. ತ್ಯಾಗರಾಜರೂ ಮಾತಾಡ್ತಿರೋದು ತಮ್ಮ ಮನಸ್ಸಿನ ಜೊತೆ, ಶರೀಫರೂ ಬಿಚ್ಚು ಅನ್ನೋದು ಮನಸ್ಸಿನ ಸಂಚೀನೇ, ಇದು ಎರಡನ್ನೂ ಒಂದಾದ್ಮೇಲೊಂದು ಕೇಳದೆ ನಂಗೆ ಹೊಳೀತಿರ್ಲಿಲ್ಲ. ಬ್ಯಾಂಡಿನ ಗಾಯಕ ಹರೀಶ್ ಶಿವರಾಮಕೃಷ್ಣನ್ ದನಿ ಅಂತೂ ಹೇಳೋದೇ ಬೇಡ. ಜೊತೆಗೆ ನುಡಿಸೋಕೆ ಮೂರು ರಾತ್ರಿ ಕೂತೆ, ನಿಧಾನ ಮಾಡ್ಕೊಂಡು ನಾಲ್ಕು ಸಾಲು ಹಿಡಿದಿದ್ದೇ ದೊಡ್ಡದು. ಆದ್ರೆ ಭಾಷೆ ತೆಲುಗು, ಅರ್ಥ ಓದಿ ಆಮೇಲೆ ಕೇಳ್ಬೇಕು. ಕೈಚಳಕಕ್ಕೆ ತಲೆ ಬಾಗ್ತೀನಿ, ಎದೆಗೆ ನಾಟೋಕೆ ನನಗೆ ಇನ್ನೂ ನಾಲ್ಕು ಸಲ ಬೇಕು.

ಅಜ್ಜಿಗೆ ಮೂರನ್ನೂ ಕೇಳ್ಸಿದೆ. ಅಗಂ ಕೇಳಿ “ಛಲೋ ಹಾಡ್ತಾನ, ತಿಳೀವಲ್ದು” ಅಂದ್ರು. ಲೋಕದ ಕಾಳಜಿಗೆ ನಕ್ರು, ಕೈಯಲ್ಲಿ ತಾಳ ಹಾಕಿದ್ರು. ಮಾಳಿಗಿ ಶುರುವಾದಾಗ ಮೊದಲು “ಶರೀಫಜ್ಜನ ಪದಕ್ಕ ಇಷ್ಟ್ ಗದ್ಲ ಯಾಕಪಾ” ಅಂದೋರು, ಜಂತಿ ತೊಲೆ ಮಾತು ಬರೋ ಹೊತ್ತಿಗೆ ಸೊಪ್ಪು ಬಿಡಿಸೋದು ನಿಲ್ಸಿ ಸುಮ್ನೆ ಕೂತಿದ್ರು, ಆಮೇಲೆ ಮೇಲೆ ನೋಡಿದ್ರು. ಈಗ ಅಲ್ಲಿ ಇರೋದು ಆರ್‌ಸಿಸಿ, ಸೋರಲ್ಲ.

ತಂಗಿಗೆ 2008ರದ್ದೇ ಕಳ್ಸಿದೀನಿ, ಗುಡುಗುಡಿ ಮೊದಲು ಕೇಳು, ಮಾಳಿಗಿನ ಮಾತ್ರ ರಾತ್ರಿ ಒಬ್ಳೇ ಇದ್ದಾಗ ಕೇಳು ಅಂತ. ಆಮೇಲೆ ಗಿಟಾರ್ ಹುಚ್ಚು ಹತ್ತಿದ್ರೆ ಅಗಂ. ಅಜ್ಜಿ ಅವತ್ತು ಹಾಡು ಮುಗಿದ್ಮೇಲೆ ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿ, “ಇನ್ನೊಮ್ಮೆ ಹಚ್ಚು, ಸಣ್ಣಗ ಇಡು” ಅಂದ್ರು.