ಭೋಸರಿಯ ಎಸ್‌ಇಎಂ ಲ್ಯಾಬ್: ಐದು ಮಿಲಿಮೀಟರ್ ಜೀವಿಗೆ ಕೊಟ್ಟ ಮೂರು ಗಂಟೆ

ಪುಣೆ ಹತ್ತಿರದ ಭೋಸರಿಯ ಈ ಎಸ್‌ಇಎಂ, ಅಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಲ್ಯಾಬಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ನಾನು ಕುಮಟಾದವಳು. ಏಳು ವರ್ಷದಿಂದ ಗೋವಾದ ದೋನಾಪಾವ್ಲಾದಲ್ಲಿದ್ದೇನೆ. ಸಮುದ್ರದ ತಳದ ಸಣ್ಣ ಜೀವಿಗಳನ್ನು ಗುರುತಿಸುವುದು ನನ್ನ ಕೆಲಸ, ಅದರಲ್ಲೂ ಬ್ರಯೋಜೋವಾ. ಈ ಹೆಸರು ಕೇಳದವರೇ ಜಾಸ್ತಿ. ಆದರೆ ಕರಾವಳಿಯವರು ನೋಡಿಯೇ ಇರುತ್ತೀರಿ. ನೀಲಿಕಲ್ಲು, ಅಂದರೆ ತಿನ್ನುವ ಚಿಪ್ಪು, ತಂದಾಗ ಚಿಪ್ಪಿನ ಮೇಲೆ ಬಿಳಿ ಜಾಲರಿಯ ಹಾಗೆ ಏನೋ ಅಂಟಿಕೊಂಡಿರುತ್ತದಲ್ಲ, ನಮ್ಮಮ್ಮ ಚಾಕುವಿನಿಂದ ಕೆರೆದು ತೆಗೆಯುತ್ತಿದ್ದರು, ಅದೇ. ಆ ಜಾಲರಿಯ ಒಂದೊಂದು ಕಣ್ಣೂ ಒಂದೊಂದು ಜೀವಿ. ಉದ್ದ ಸುಮಾರು ಅರ್ಧ ಮಿಲಿಮೀಟರ್. ತನ್ನ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ. ಹಸಿವಾದಾಗ ಬಾಗಿಲು ತೆಗೆದು ಎಳೆಗಳ ಕುಚ್ಚನ್ನು ಹೊರಗೆ ಚಾಚುತ್ತದೆ. ಏನಾದರೂ ತಾಗಿದರೆ ತಟ್ಟನೆ ಒಳಗೆ ಎಳೆದುಕೊಂಡು ಬಾಗಿಲು ಮುಚ್ಚುತ್ತದೆ. ಈಗ ಬದುಕಿರುವ 6,000ಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿಟ್ಟಾಗಿದೆ. ನಮ್ಮ ಕಡೆಯ ಆಳ ಸಮುದ್ರದವಕ್ಕೆ ಹೆಸರಿಡುವ ಕೆಲಸ ಇನ್ನೂ ಬೇಕಾದಷ್ಟು ಬಾಕಿ ಇದೆ.

ನನ್ನ ಮೇಜಿನ ಮೇಲೆ ಇದ್ದದ್ದು ಹಿಂದೂ ಮಹಾಸಾಗರದ ನಡುವಿನಿಂದ, ಸುಮಾರು 5,000 ಮೀಟರ್ ಆಳದಿಂದ ಬಂದ ಮಾದರಿ. ಅಲ್ಲಿ ಎಲ್ಲಿ ನೋಡಿದರೂ ಮೆತ್ತಗಿನ ಕೆಸರು. ಗಟ್ಟಿ ಜಾಗ ಅಂದರೆ ಮ್ಯಾಂಗನೀಸ್ ಗಡ್ಡೆಗಳು, ಬಟಾಟೆಯ ಹಾಗಿರುವ ಕಪ್ಪು ಕಲ್ಲುಗಳು. ಇವು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ನಮ್ಮ ದೇಶದವರು 1981ರಲ್ಲಿ ಮೊದಲ ಗಡ್ಡೆ ಎತ್ತಿದರು. ಈಗ ಅಲ್ಲಿ 75,000 ಚದರ ಕಿಲೋಮೀಟರ್ ಜಾಗ ನಮ್ಮ ಪಾಲಿಗಿದೆ. ಗಡ್ಡೆಯೊಳಗಿನ ನಿಕ್ಕಲ್, ತಾಮ್ರ, ಕೋಬಾಲ್ಟ್ ಮೇಲೆ ಎಲ್ಲರಿಗೂ ಕಣ್ಣು. ಗಡ್ಡೆಯ ಮೇಲೆ ಮನೆ ಮಾಡಿಕೊಂಡವರು ಯಾರು ಅಂತ ಮೊದಲು ಬರೆದಿಡಬೇಕು, ಅಲ್ವಾ? ಗಡ್ಡೆ ಎತ್ತಿದರೆ ಅವರ ಮನೆಯೇ ಹೋಯಿತು.

ಅಂಥ ಒಂದು ಗಡ್ಡೆಯ ಮೇಲೆ ಈ ಜೀವಿ ಸಾಲಾಗಿ ಅಂಟಿಕೊಂಡಿತ್ತು. ಒಂದರ ಹಿಂದೆ ಒಂದು, 11 ಗೂಡು. ಒಟ್ಟು ಉದ್ದ 5 ಮಿಲಿಮೀಟರ್‌ಗೂ ಕಡಿಮೆ. ಅಷ್ಟು ಆಳದಲ್ಲಿ ಸುಣ್ಣ ಕರಗಿಹೋಗುತ್ತದೆ. ಆದ್ದರಿಂದ ಗೋಡೆ ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ. ಎರಡು ವರ್ಷ ಹಳೆಯ ವಿವರಣೆಗಳನ್ನೆಲ್ಲ ತಿರುವಿದೆ. ಆಲಿಸ್ ರಾಬರ್ಟ್‌ಸನ್ 1921ರಲ್ಲಿ ಬಂಗಾಳ ಕೊಲ್ಲಿಯ ಬ್ರಯೋಜೋವಾಗಳ ಬಗ್ಗೆ ಬರೆದದ್ದರಿಂದ ಹಿಡಿದು ಈಚಿನವರೆಗೆ. ಯಾವುದಕ್ಕೂ ಹೊಂದಲಿಲ್ಲ. ಹೊಸ ಜಾತಿ. ಹೆಸರು ಆರಿಸಿಟ್ಟಿದ್ದೇನೆ. ವಿವರಣೆ ಅಚ್ಚಾಗುವ ಮೊದಲು ಹೆಸರು ಹೊರಗೆ ಬಂದರೆ ನಿಯಮದ ಪ್ರಕಾರ ಅದು ಬರಿ ಹೆಸರು, ಲೆಕ್ಕಕ್ಕಿಲ್ಲ. ಅದಕ್ಕೇ ಇಲ್ಲಿ ಬರೆಯುವುದಿಲ್ಲ.

ಹೊಸ ಜಾತಿ ಅಂತ ತೋರಿಸಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಬೇಕೇ ಬೇಕು. ಬಾಯಿಯ ಆಕಾರ, ಅದರ ಸುತ್ತ ಎಷ್ಟು ಮುಳ್ಳು, ಗೋಡೆಯಲ್ಲಿ ತೂತುಗಳು ಎಲ್ಲೆಲ್ಲಿ, ಇದೆಲ್ಲ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಪೂರ್ತಿ ತಿಳಿಯುವುದಿಲ್ಲ. ಎಸ್‌ಇಎಂನಲ್ಲಿ ನೋಡುವ ಮೊದಲು ಮಾದರಿಯ ಮೇಲೆ ತೆಳ್ಳಗೆ ಚಿನ್ನ ಹಾಯಿಸುವುದು ರೂಢಿ. ಇಲ್ಲದಿದ್ದರೆ ಕರೆಂಟ್ ಹರಿಯದೆ ಚಿತ್ರದಲ್ಲಿ ಬಿಳಿ ಗೆರೆ ಬರುತ್ತದೆ. ಆದರೆ ಒಮ್ಮೆ ಹಾಯಿಸಿದ ಚಿನ್ನವನ್ನು ಇಷ್ಟು ನಾಜೂಕಾದ ಮಾದರಿಯಿಂದ ಹಿಂದೆ ತೆಗೆಯಲು ಆಗುವುದಿಲ್ಲ. ನನ್ನದು ಹೋಲೋಟೈಪ್. ಅಂದರೆ ಈ ಹೆಸರು ಎಂದೆಂದಿಗೂ ಅಂಟಿಕೊಳ್ಳುವ ಒಂದೇ ಒಂದು ಮಾದರಿ. ನೂರು ವರ್ಷದ ನಂತರ ಯಾರಿಗಾದರೂ ಅನುಮಾನ ಬಂದರೆ ಇದನ್ನೇ ತೆಗೆದು ನೋಡಬೇಕು.

ಹಿಂದೊಮ್ಮೆ ಬೇರೊಂದು ಊರಿನ ಲ್ಯಾಬಿಗೆ ಇನ್ನೊಂದು ಮಾದರಿಯನ್ನು ಕೊರಿಯರ್‌ನಲ್ಲಿ ಕಳಿಸಿದ್ದೆ. ಚಿನ್ನ ಹಾಕಬೇಡಿ ಅಂತ ಚೀಟಿ ಅಂಟಿಸಿದ್ದೆ. ವಾಪಸು ಬಂದಾಗ ಮಾದರಿ ಹೊಳೆಯುತ್ತಿತ್ತು. ಆರು ಗೂಡಿನ ಸಾಲು ಮೂರು ತುಂಡಾಗಿತ್ತು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಹಾಗಾಗಿ ಈ ಸಲ ನಾನೇ ಹೊತ್ತುಕೊಂಡು ಹೋದೆ. ಗಡ್ಡೆಯಿಂದ ಎರಡು ಸೆಂಟಿಮೀಟರ್ ಚಕ್ಕೆ ಬಿಡಿಸಿ, ಹತ್ತಿಯ ಮೇಲೆ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಸ್ಟೀಲ್ ಟಿಫಿನ್ ಕ್ಯಾರಿಯರ್‌ನಲ್ಲಿಟ್ಟು, ವಾಸ್ಕೋದಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿದೆ. ಪುಣೆಯವರೆಗೂ ಅದು ತೊಡೆಯ ಮೇಲೇ ಇತ್ತು. ಬೆಳಗಾವಿ ಸ್ಟೇಷನ್ನಿಗೆ ಚಿಕ್ಕಮ್ಮ ಬಂದು ಅರ್ಧ ಕೆಜಿ ಕುಂದಾ ಕೊಟ್ಟು ಹೋದರು. ಪುಣೆ ಸ್ಟೇಷನ್ನಿನಿಂದ ಮೆಟ್ರೋ, ನಡುವೆ ಒಮ್ಮೆ ಬದಲಾಯಿಸಿ ನಾಸಿಕ್ ಫಾಟಾ ಸ್ಟೇಷನ್, ಅಲ್ಲಿಂದ ರಿಕ್ಷಾ. ಎಂಐಡಿಸಿ ಕೈಗಾರಿಕಾ ಪ್ರದೇಶದ ಒಳಗೆ, ಎರಡು ಶೆಡ್ಡುಗಳ ನಡುವೆ ಲ್ಯಾಬ್. ರಿಕ್ಷಾದವರಿಗೆ ಗೊತ್ತಿರುವುದಿಲ್ಲ, ಫೋನ್ ಮಾಡಿ ಕೇಳಿಕೊಳ್ಳಿ.

ಇದು ಜೀವಶಾಸ್ತ್ರದವರ ಲ್ಯಾಬ್ ಅಲ್ಲ. ಕಾರ್ಖಾನೆಗಳ ಕೆಲಸವೇ ಜಾಸ್ತಿ. ನನ್ನ ಮುಂದೆ ಕೂತಿದ್ದವರ ಕೈಯಲ್ಲಿ ಮುರಿದ ಗೇರಿನ ಒಂದು ಹಲ್ಲು ಇತ್ತು. ಯಾಕೆ ಮುರಿಯಿತು ಅಂತ ನೋಡಿಸಲು ಚಾಕಣದಿಂದ ಬಂದಿದ್ದರು. ನಾನು ಟಿಫಿನ್ ತೆಗೆದಾಗ ಒಳ್ಳೆಯ ಕುತೂಹಲದಿಂದ ನೋಡಿದರು.

ಯಂತ್ರ ನಡೆಸುವವರು ಸುಮಾರು 25ರ ಹುಡುಗಿ. ಮೊದಲು ಇಂಗ್ಲಿಷ್, ಹಿಂದಿ. ನಾನು ಅಮ್ಮನಿಗೆ ಫೋನಿನಲ್ಲಿ "ಮುಟ್ಟಿದೆ" ಅಂದದ್ದು ಕೇಳಿ, "ನೀವು ಕನ್ನಡದವರೇನ್ರೀ ಅಕ್ಕಾರ?" ಅಂದರು. ಅವರು ಅಕ್ಕಲಕೋಟೆಯವರು, ಮನೆಯಲ್ಲಿ ಕನ್ನಡ.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ಒಂದು ಸ್ಟಾರ್ ಪೂರ್ತಿ ಕೊಡುತ್ತೇನೆ: "ಇದಕ್ಕ ಬಂಗಾರ ಹಚ್ಚೂದೋ ಬ್ಯಾಡೋ?" ಯಾವ ಕೆಲಸಕ್ಕೂ ಮೊದಲು, ಬಾಯಿಬಿಟ್ಟು, ಕೇಳಿದರು. ಬೇಡ ಅಂದೆ. ಹಾಗಾದರೆ ಲೋ ವ್ಯಾಕ್ಯೂಮ್‌ನಲ್ಲಿ ನೋಡೋಣ, ಚೇಂಬರಿನಲ್ಲಿ ಸ್ವಲ್ಪ ಗಾಳಿ ಉಳಿಸಿದರೆ ಮೇಲ್ಮೈಯಲ್ಲಿ ಕೂಡುವ ಚಾರ್ಜ್ ಇಳಿದುಹೋಗುತ್ತದೆ, ಚಿತ್ರ ಅಷ್ಟು ಚೂಪಾಗಿ ಬರದಿದ್ದರೂ ಮಾದರಿಗೆ ಏನೂ ಆಗುವುದಿಲ್ಲ ಅಂತ ಬಿಡಿಸಿ ಹೇಳಿದರು. ಚಕ್ಕೆಯನ್ನು ಅಲ್ಯೂಮಿನಿಯಂ ಸ್ಟಬ್ ಮೇಲೆ ಕೂರಿಸುವಾಗ ಕಾರ್ಬನ್ ಟೇಪನ್ನು ಕಲ್ಲಿನ ಅಡಿಗೆ ಮಾತ್ರ ತಾಗಿಸಿದರು. ಜೀವಿಯ ಹತ್ತಿರ ಚಿಮಟ ಬರಲೇ ಇಲ್ಲ.

ಗಡ್ಡೆ ತುಂಬ ತೂತಿನ ಕಲ್ಲು. ಒಳಗಿನ ಗಾಳಿ, ತೇವ ಹೊರಗೆ ಬರುತ್ತಲೇ ಇರುತ್ತದೆ. ಹಿಂದಿನ ರಾತ್ರಿ ಒಣಗಿಸಿಟ್ಟಿದ್ದರೂ ಒತ್ತಡ ಇಳಿಯಲು 40 ನಿಮಿಷ ಬೇಕಾಯಿತು. ಆ 40 ನಿಮಿಷಕ್ಕೆ ಹಣ ಹಿಡಿಯಲಿಲ್ಲ. ಕುಂದಾ ತೆಗೆದೆ. ಚಹಾ ಅವರು ತರಿಸಿದರು.

ಸ್ಕ್ರೀನಿನಲ್ಲಿ ಚಿತ್ರ ಮೂಡಿದಾಗ ನನಗೆ ಮಾತು ಬರಲಿಲ್ಲ. ಕಣ್ಣಿಗೆ ಕಾಣುವಾಗ ಕಲ್ಲು ಕಪ್ಪು, ಜೀವಿ ಬಿಳಿ. ಇಲ್ಲಿ ಉಲ್ಟಾ. ಮ್ಯಾಂಗನೀಸ್, ಕಬ್ಬಿಣ ಭಾರದ ಧಾತುಗಳು, ಎಲೆಕ್ಟ್ರಾನನ್ನು ಜಾಸ್ತಿ ಹಿಂದಕ್ಕೆ ಎಸೆಯುತ್ತವೆ. ಹಾಗಾಗಿ ಕಲ್ಲು ಬೆಳ್ಳಗೆ, ಅದರ ಮೇಲೆ ಬೂದು ಬಣ್ಣದ 11 ಗೂಡುಗಳು ದೋಣಿಗಳ ಹಾಗೆ ಒಂದರ ಬಾಲಕ್ಕೆ ಒಂದು ಕಟ್ಟಿಕೊಂಡು ನಿಂತಿದ್ದವು. ತುದಿಯಲ್ಲಿ ಎಲ್ಲಕ್ಕಿಂತ ಪುಟ್ಟದು, ಆನ್ಸೆಸ್ಟ್ರುಲಾ. ಈಜಿ ಬಂದ ಒಂದು ಮರಿ ಆ ಕತ್ತಲೆಯಲ್ಲಿ ಈ ಕಲ್ಲನ್ನು ಹುಡುಕಿ ಕೂತು ಕಟ್ಟಿದ ಮೊದಲ ಗೂಡು. ಮಿಕ್ಕ ಹತ್ತೂ ಅದರಿಂದ ಚಿಗುರಿದವು.

ನನ್ನ ಟಿಪ್ಪಣಿಯಲ್ಲಿ ಬಾಯಿಯ ಸುತ್ತ ಆರು ಮುಳ್ಳಿನ ಬುಡ ಅಂತ ಬರೆದಿದ್ದೆ. ಅವರು ಸ್ಟೇಜನ್ನು ಓರೆ ಮಾಡಿ, ಒಂದೊಂದನ್ನೇ ದೊಡ್ಡದು ಮಾಡಿ ನೋಡಿ, "ಅಕ್ಕಾರ, ನಾಲ್ಕು ಎತ್ತರ ಅದಾವ್ರಿ. ಇವೆರಡು ತೆಗ್ಗ ಅದಾವ" ಅಂದರು. ನಿಜ. ಎರಡು ಬರಿ ತೂತು. ನಾಲ್ಕು ಮುಳ್ಳೋ ಆರು ಮುಳ್ಳೋ ಅನ್ನುವುದು ಸಣ್ಣ ಮಾತಲ್ಲ, ಹತ್ತಿರದ ಜಾತಿಗಳನ್ನು ಬೇರೆ ಮಾಡುವುದೇ ಇಂಥ ಲೆಕ್ಕ. ಸುಮ್ನೆ ಬಟನ್ ಒತ್ತಿ ಕೊಡುವವರಾಗಿದ್ದರೆ ನಾನು ಆರು ಅಂತಲೇ ಅಚ್ಚು ಹಾಕಿಸುತ್ತಿದ್ದೆ.

ಏಳನೆಯ ಗೂಡಿನ ಪಕ್ಕ ಇನ್ನೊಂದು ಸಿಕ್ಕಿತು: ಹಕ್ಕಿಯ ಕೊಕ್ಕಿನಂಥದು, ಎವಿಕ್ಯುಲೇರಿಯಂ. ಇದೂ ಒಂದು ಜೀವಿಯೇ. ಆದರೆ ತಿನ್ನುವ ಕೆಲಸ ಬಿಟ್ಟು ಕಚ್ಚುವ ರೂಪ ತಾಳಿದ್ದು. ಬೀಗಲ್ ಹಡಗಿನ ಪ್ರಯಾಣದಲ್ಲಿ ಡಾರ್ವಿನ್ ಇವು ಬಾಯಿ ತೆರೆದು ಮುಚ್ಚುವುದನ್ನು ನೋಡಿ ರಣಹದ್ದಿನ ತಲೆಗೆ ಹೋಲಿಸಿದ್ದರು. ನನ್ನ ಜೀವಿಯಲ್ಲಿ ಇದು ಇಲ್ಲ ಅಂದುಕೊಂಡಿದ್ದೆ. ವಿವರಣೆಯ ಆ ಸಾಲನ್ನು ಅಲ್ಲೇ ಕೂತು ಹೊಡೆದುಹಾಕಿದೆ.

ಈಗ ಕಳೆದ ಅರ್ಧದ ಮಾತು. ಪೆನ್‌ಡ್ರೈವ್‌ನಲ್ಲಿ ಕೊಟ್ಟ 34 ಚಿತ್ರಗಳೂ ಜೆಪೆಗ್, ಅಂದರೆ ಕುಗ್ಗಿಸಿದ ಫೈಲುಗಳು. ಅದರಲ್ಲಿ 9ರಲ್ಲಿ ಕೆಳಗಿನ ಪಟ್ಟಿ ಕತ್ತರಿಸಿ ಹೋಗಿತ್ತು, ಅಂದರೆ ಅಳತೆಯ ಗೆರೆ ಇಲ್ಲ. ಗೆರೆ ಇಲ್ಲದ ಚಿತ್ರ ನಮಗೆ ಪ್ರಯೋಜನಕ್ಕಿಲ್ಲ. 500 ಪಟ್ಟು, 2,000 ಪಟ್ಟು ಅಂತ ಬರೆದರೆ ಸಾಲದು, ಪುಟದಲ್ಲಿ ಚಿತ್ರವನ್ನು ಹಿರಿದು ಕಿರಿದು ಮಾಡಿದ ಕೂಡಲೇ ಆ ಸಂಖ್ಯೆ ಸುಳ್ಳಾಗುತ್ತದೆ. ಕೇಳಿದ ಎರಡು ದಿನಕ್ಕೆ ಮೂಲ ಟಿಫ್ ಫೈಲುಗಳನ್ನು ಕಳಿಸಿದರು, ಗೆರೆ ಸಮೇತ. ಆದರೂ ಮೊದಲೇ ಕೊಡಬೇಕಿತ್ತು. ಫೈಲುಗಳಿಗೆ ಬರಿ ಒಂದು, ಎರಡು ಅಂತ ಹೆಸರಿತ್ತು. ಯಾವುದು ಯಾವ ಗೂಡು ಅಂತ ಹೊಂದಿಸಲು ನನಗೆ ಒಂದು ಸಂಜೆ ಹಿಡಿಯಿತು. ನೀವು ಹೋದರೆ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಳ್ಳುತ್ತ ಬನ್ನಿ.

ಇನ್ನೊಂದು, ಪಕ್ಕದ ಶೆಡ್ಡಿನಲ್ಲಿ ಪ್ರೆಸ್ ಇದೆ. ಅದು ಬಡಿಯಲು ಶುರುವಾದರೆ 2,000 ಪಟ್ಟಿನಲ್ಲಿ ಅಂಚುಗಳೆಲ್ಲ ಅಲೆಯಾಗುತ್ತವೆ. ಅದು ನಿಲ್ಲುವವರೆಗೆ ಗಡಿಯಾರ ನಿಲ್ಲಿಸಿ ಕೂತರು, ಅದಕ್ಕೂ ದುಡ್ಡು ಕೇಳಲಿಲ್ಲ.

ಗಂಟೆಗೆ 1,500 ರೂಪಾಯಿ, ಮೇಲೆ 18% ಜಿಎಸ್‌ಟಿ. ಮೂರು ಗಂಟೆಗೆ 5,310 ಕೊಟ್ಟೆ. ಬಿಲ್ ಅಲ್ಲೇ ಸಿಗುತ್ತದೆ. ಬಾತ್‌ರೂಮ್ ಚೊಕ್ಕಟ. ಊಟಕ್ಕೆ ಹತ್ತಿರ ಏನೂ ಇಲ್ಲ, ಗೇಟಿನ ಎದುರು ವಡಾಪಾವ್ ಗಾಡಿ ಒಂದಿದೆ.

ನನ್ನ ಹಾಗೆ ಚಿಪ್ಪು, ಹವಳ, ಪರಾಗ, ಕೀಟ ಅಂತ ಕೆಲಸ ಮಾಡುವವರು ಹಿಂಜರಿಯದೆ ಹೋಗಿ. ಮಾದರಿಯನ್ನು ನೀವೇ ತೊಳೆದು ಒಣಗಿಸಿಕೊಂಡು ಹೋಗಬೇಕು, ಅಲ್ಲಿ ಆ ವ್ಯವಸ್ಥೆ ಇಲ್ಲ. ಬ್ರಯೋಜೋವಾದವರಿಗೆ ಒಂದು ಮಾತು: ಬ್ಲೀಚಿನಲ್ಲಿ ಮಾಂಸ ಕರಗಿಸುವುದಾದರೆ ಎಲ್ಲ ಮಾದರಿಯನ್ನೂ ಹಾಕಬೇಡಿ. ಬಾಗಿಲು, ಕೊಕ್ಕಿನ ದವಡೆ ಸುಣ್ಣದವಲ್ಲ, ಅವು ಉದುರಿಹೋಗುತ್ತವೆ. ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ನಾಲ್ಕೈದು ಸಲ ತೊಳೆಯಿರಿ, ಇಲ್ಲದಿದ್ದರೆ ಉಪ್ಪಿನ ಹರಳು ಕೂತು ತೂತುಗಳನ್ನು ಮುಚ್ಚುತ್ತದೆ.

ಹೋಲೋಟೈಪ್ ಹೋದ ಹಾಗೇ ವಾಪಸು ಬಂದಿದೆ, 11 ಗೂಡೂ ಸರಿಯಾಗಿವೆ. ಅದರಲ್ಲಿ ಮರಿ ಸಾಕುವ ಗೂಡು ಒಂದೂ ಇಲ್ಲ. ಇನ್ನೊಂದು ಚಕ್ಕೆಯ ಮೇಲಿನ ಸಾಲಿನಲ್ಲಿ ಸಣ್ಣ ಉಬ್ಬು ಒಂದು ಕಾಣುತ್ತಿದೆ. ಅದನ್ನು ನೋಡಲು ಮುಂದಿನ ತಿಂಗಳ ಮೊದಲ ಗುರುವಾರ ಎರಡು ಗಂಟೆಯ ಸ್ಲಾಟ್ ಹಿಡಿದಿದ್ದೇನೆ. ಗುರುವಾರ ಪಕ್ಕದ ಶೆಡ್ಡಿಗೆ ರಜೆ, ಪ್ರೆಸ್ ಬಡಿಯುವುದಿಲ್ಲ.