ಗುಜರಿಯ ಬಾಸೆಲ್ ಮಿಶನ್ ಹಂಚು: ಕೊಳ್ಳುವ ಮುಂಚೆ ಮಗುಚಿ ನೋಡಿ

ಪುತ್ತೂರಿನ ಅಜ್ಜನ ಮನೆಯ ಅಡುಗೆಕೋಣೆಯ ಮಾಡು ಎರಡು ಮಳೆಗಾಲದಿಂದ ಸೋರುತ್ತಿತ್ತು. ಶೀಟ್ ಹಾಕಿಸೋಣ ಅಂದ ತಮ್ಮ. ಸೆಕೆಗೆ ಹೆದರಿ ಅಮ್ಮ ಒಪ್ಪಲಿಲ್ಲ. ಕೊನೆಗೆ ಮಂಗಳೂರಿನ ಒಂದು ಗುಜರಿ ಅಂಗಡಿಯಿಂದ ಹಳೇ ಹಂಚು 600 ತಂದೆವು. ಒಂದಕ್ಕೆ 22 ರೂಪಾಯಿ.

ಹಂಚಿನ ಬಗ್ಗೆ ದೂರೇ ಇಲ್ಲ. ಬೆರಳಲ್ಲಿ ತಟ್ಟಿದರೆ ಠಣ್ ಅನ್ನುತ್ತದೆ. ಪಾಚಿ ತಿಕ್ಕಿದ ಮೇಲೆ ಒಳ್ಳೆಯ ಕೆಂಪು ಬಂತು.

ಅಂಗಡಿಯವರ ಮಾತು ಮಾತ್ರ ನಂಬಬೇಡಿ. “ನೋಡಿ ಸರ್, 1865ರ ಹಂಚು” ಅಂತ ಇಸವಿ ತೋರಿಸಿ ರೇಟು ಏರಿಸುತ್ತಾರೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಗಾಗಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಎಷ್ಟೋ ವರ್ಷ ಕಳೆದು ಸುಟ್ಟ ಹಂಚಿನ ಮೇಲೂ ಅದನ್ನೇ ಒತ್ತುತ್ತಿದ್ದರು. ವಯಸ್ಸು ಅಂದಾಜು ಮಾಡಬೇಕಾದರೆ ಹಂಚು ಮಗುಚಿ, ಅಚ್ಚೊತ್ತಿದ ಕಂಪನಿ ಹೆಸರು ಓದಿ.

ನಮ್ಮ ರಾಶಿಯಲ್ಲಿ ಕೆಲವಕ್ಕೆ ಬಾಸೆಲ್ ಮಿಶನ್, ಕೆಲವಕ್ಕೆ ಕಾಮನ್‌ವೆಲ್ತ್ ಅಂತಿತ್ತು. ಬೇರೆ ಬೇರೆ ಕಂಪನಿ ಅಂದುಕೊಂಡು ಮೇಸ್ತ್ರಿ ಎರಡು ರಾಶಿ ಮಾಡಿದರು. ಅಲ್ಲ ಮಾರಾಯ್ರೇ, ನಡುವೆ ಒಂದು ಯುದ್ಧ ಆಗಿದೆ ಅಷ್ಟೆ.

ಮಿಶನ್‌ನ ಮೂಲ ಸ್ವಿಟ್ಜರ್‌ಲೆಂಡಿನ ಬಾಸೆಲ್. ಆ ದೇಶ 1914ರ ಯುದ್ಧಕ್ಕೆ ಇಳಿದಿರಲೇ ಇಲ್ಲ. ಆದರೆ ಇಲ್ಲಿದ್ದವರಲ್ಲಿ ಜರ್ಮನ್ನರು ಜಾಸ್ತಿ. ಬ್ರಿಟಿಷ್ ಸರ್ಕಾರಕ್ಕೆ ಅಷ್ಟು ಸಾಕಾಯಿತು. ಜರ್ಮನ್ ಪ್ರಜೆಗಳನ್ನು ಅಹಮದ್‌ನಗರದ ಶಿಬಿರಕ್ಕೆ ಕಳಿಸಿದರು, ಮಿಶನ್‌ನ ಆಸ್ತಿಯನ್ನು ಶತ್ರುವಿನ ಆಸ್ತಿ ಅಂತ ವಶ ಮಾಡಿಕೊಂಡರು. ಬೇರೆ ಎಷ್ಟೋ ಜರ್ಮನ್ ಕಂಪನಿಗಳನ್ನು ಬಾಗಿಲು ಹಾಕಿಸಿ ಇದ್ದಬದ್ದದ್ದನ್ನು ಮಾರಿದರು. ಇಲ್ಲಿನ ಹಂಚು, ನೇಯ್ಗೆ ಕಾರ್ಖಾನೆಗಳು ಮಾತ್ರ ಉಳಿದವು. ಯುದ್ಧ ಮುಗಿದಾಗ ವಾಪಸ್ ಕೊಟ್ಟರಾ? ಇಲ್ಲ. ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಗೆ ಒಪ್ಪಿಸಿದರು. ಅಚ್ಚಿನ ಹೆಸರು ಬದಲಾದದ್ದು ಹಾಗೆ. ನನಗಂತೂ ಇದು ಕಾನೂನಿನ ಬಟ್ಟೆ ಹಾಕಿದ ಕಬಳಿಕೆಯಾಗಿಯೇ ಕಾಣುತ್ತದೆ.

ಮೇಸ್ತ್ರಿ ನಂಬಲಿಲ್ಲ. ರೀಪಿನ ಮೇಲೆ ಒಂದು ಬಾಸೆಲ್ ಇಟ್ಟು, ಪಕ್ಕಕ್ಕೆ ಒಂದು ಕಾಮನ್‌ವೆಲ್ತ್ ಇಟ್ಟರು. ಅಂಚಿಗೆ ಅಂಚು ಸರಿಯಾಗಿ ಕೂತಿತು. ಏನೂ ಮಾತಾಡದೆ ಎರಡೂ ರಾಶಿ ಒಟ್ಟು ಮಾಡಿದರು.

ಕೂರದೇ ಇದ್ದದ್ದು ಬೇರೆ 40 ಹಂಚು. ಯಾವುದೋ ಮೂರನೇ ಕಂಪನಿಯದ್ದು, ರಾಶಿಯ ಮಧ್ಯೆ ಸೇರಿಸಿಬಿಟ್ಟಿದ್ದರು. ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಮೂವತ್ತೈದು ಬಿರುಕು ಬಿಟ್ಟಿದ್ದವು. ಫೋನ್ ಮಾಡಿದರೆ “ಲೋಡ್ ಆದಮೇಲೆ ನಮ್ಮ ಜವಾಬ್ದಾರಿ ಅಲ್ಲ” ಅಂದರು. ಲಾರಿಗೆ ಹಾಕುವ ಮುಂಚೆ ನೀವೇ ನಿಂತು ಒಂದೊಂದನ್ನೂ ತಟ್ಟಿಸಿಕೊಳ್ಳಿ.

ಹಂಚಿಗೆ ಐದು ಸ್ಟಾರ್, ಅಂಗಡಿಗೆ ಎರಡು. ಮೊದಲ ಮಳೆ ಬಂದು ಹೋಯಿತು. ಗಾಜಿನ ಹಂಚಿನ ಹತ್ತಿರ ಮಾತ್ರ ತೊಟ್ಟಿಕ್ಕುತ್ತಿದೆ. ಅದೊಂದನ್ನೇ ಹೊಸದು ತಂದಿದ್ದೆವು.