ಹೊಸಬರು ಎರಡನೇ ಪ್ರಶ್ನೆ ಕೇಳಬೇಕಾದರೆ: ಮೈಸೂರಿನ ಹಕ್ಕಿ ಚರ್ಚಾ ತಾಣದಲ್ಲಿ ಮಾಡಿ ನೋಡಿದ ನಾಲ್ಕು ದಾರಿಗಳು

ಮೈಸೂರಿನವರಿಗೆ ಹಕ್ಕಿ ನೋಡುವ ಹುಚ್ಚು ಹಿಡಿಯಲು ದೂರ ಹೋಗಬೇಕಿಲ್ಲ. ಬೆಳಗಿನ ವಾಕಿಂಗ್‌ಗೆ ಕುಕ್ಕರಹಳ್ಳಿ ಕೆರೆಗೆ ಹೋದವರು ಹೆಜ್ಜಾರ್ಲೆ (ಪೆಲಿಕನ್) ಕಂಡು ನಿಲ್ಲುತ್ತಾರೆ. ಮಕ್ಕಳ ಜೊತೆ ರಂಗನತಿಟ್ಟಿಗೆ ಹೋದವರು ದೋಣಿ ಇಳಿಯುವಾಗ ಫೋನ್ ತುಂಬಾ ಫೋಟೊ ತುಂಬಿಕೊಂಡಿರುತ್ತಾರೆ. ಮನೆಗೆ ಬಂದ ಮೇಲೆ ಪ್ರಶ್ನೆ ಶುರು: ಇದು ಯಾವ ಹಕ್ಕಿ? ಆ ಪ್ರಶ್ನೆ ಹಿಡಿದುಕೊಂಡು ನಮ್ಮ ಆನ್‌ಲೈನ್ ಚರ್ಚಾ ತಾಣಕ್ಕೆ ಬರುತ್ತಾರೆ. ಖಾತೆ ತೆರೆಯುತ್ತಾರೆ, ಫೋಟೊ ಹಾಕುತ್ತಾರೆ, ಉತ್ತರಕ್ಕೆ ಕಾಯುತ್ತಾರೆ. ಆಮೇಲೆ ಬಹಳ ಜನ ಮತ್ತೆ ಬರುವುದೇ ಇಲ್ಲ.

ಈ ತಾಣ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಒಬ್ಬರು ಎರಡನೇ ಪ್ರಶ್ನೆ ಕೇಳಿದರೆ ನನಗೆ ಆಗುವ ಖುಷಿ ಅಷ್ಟಿಷ್ಟಲ್ಲ. ಯಾಕೆಂದರೆ ಹಾಗೆ ಕೇಳಿದವರು ಸಾಮಾನ್ಯವಾಗಿ ಉಳಿಯುತ್ತಾರೆ. ಮುಂದೊಂದು ದಿನ ಅವರೇ ಬೇರೆಯವರಿಗೆ ಉತ್ತರ ಹೇಳುತ್ತಾರೆ. ಹಾಗಾಗಿ ಹೊಸಬರಿಗಾಗಿ ನಾಲ್ಕು ಏರ್ಪಾಡುಗಳನ್ನು ಒಂದಾದ ಮೇಲೊಂದು ಮಾಡಿ ನೋಡಿದೆವು. ಕಣ್ಣಿಗೆ ಬೀಳುವ ಹಾಗೆ ನಿಯಮ ಅಂಟಿಸುವುದು, ಪ್ರಶ್ನೆ ಕೇಳಲು ಒಂದು ನಮೂನೆ ಕೊಡುವುದು, ಹೊಸಬರಿಗೇ ಬೇರೆ ಕೋಣೆ ಮಾಡುವುದು, ಮೊದಲ ಉತ್ತರಕ್ಕೆ ಒಬ್ಬರನ್ನು ನೇಮಿಸುವುದು. ನಾಲ್ಕಕ್ಕೂ ನಾನು ಇಟ್ಟುಕೊಂಡ ಅಳತೆ ಒಂದೇ: ಆ ಮನುಷ್ಯ ಮತ್ತೆ ಬಂದರಾ?

ಹೋಲಿಸಲು ಒಂದೇ ಬಗೆಯ ಪ್ರಶ್ನೆಯನ್ನು ಗಮನಿಸುತ್ತಿದ್ದೆ. ನಮ್ಮಲ್ಲಿ ಪದೇ ಪದೇ ಬರುವುದು ಬಿಳಿ ಹಕ್ಕಿಯ ಪ್ರಶ್ನೆ. ಮಂಡ್ಯ ಕಡೆ ನಾಲೆ ಬಯಲಿನ ಗದ್ದೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಬಿಳಿ ಹಕ್ಕಿಗಳ ಹಿಂಡು ಓಡಾಡುತ್ತಿರುತ್ತದೆ. ಒಂದು ಮಸುಕು ಫೋಟೊ, ಕೆಳಗೆ ‘ಇದು ಕೊಕ್ಕರೆನಾ?’ ಅಂತ ಒಂದು ಸಾಲು. ಕೊಕ್ಕು ಹಳದಿ, ಕತ್ತು ಗಿಡ್ಡ ಇದ್ದರೆ ಬಹುಮಟ್ಟಿಗೆ ಗೋವಕ್ಕಿ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ ಇದ್ದರೆ ಸಣ್ಣ ಬೆಳ್ಳಕ್ಕಿ. ಉದ್ದ ಕತ್ತು ನಡುವೆ ಮುರಿದ ಹಾಗೆ ಬಾಗಿದ್ದು, ಬಾಯಿಯ ಗೆರೆ ಕಣ್ಣು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡ ಬೆಳ್ಳಕ್ಕಿ. ಹಳಬರಿಗೆ ಇದು ಅರ್ಧ ನಿಮಿಷದ ಕೆಲಸ. ಹೊಸಬರಿಗೆ ಏನು ನೋಡಬೇಕು ಅನ್ನುವುದೇ ಗೊತ್ತಿರುವುದಿಲ್ಲ.

ಮೊದಲು ನಿಯಮದ ವಿಷಯ. ಉದ್ದನೆಯ ನಿಯಮಗಳ ಪುಟ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಹುಡುಕಿಕೊಂಡು ಹೋಗಿ ಓದುವವರು ಕಡಿಮೆ. ಹೊಸದಾಗಿ ಮಾಡಿದ್ದು ಇಷ್ಟು: ಹಕ್ಕಿ ಗುರುತಿಸುವ ವಿಭಾಗದ ತಲೆಯಲ್ಲಿ ನಾಲ್ಕೇ ಸಾಲು ಹಾಕಿದೆವು. ಊರು, ತಿಂಗಳು ಬರೆಯಿರಿ. ಫೋಟೊ ಕತ್ತರಿಸದೆ ಹಾಕಿ. ಗೂಡು, ಮೊಟ್ಟೆ, ಮರಿಗಳ ಫೋಟೊ ಬೇಡ. ಇಲ್ಲಿ ಎಲ್ಲರೂ ಕಲಿಯುವವರೇ, ಹಿಂಜರಿಯದೆ ಕೇಳಿ.

ನಿಯಮ ಎದುರಿಗೆ ಇಟ್ಟರೆ ಜನ ಹೆದರಿ ಓಡುತ್ತಾರೆ ಅಂತ ಕೆಲವರು ವಾದಿಸಿದರು. ನೇಥನ್ ಮಟಾಯಸ್ ಎಂಬ ಸಂಶೋಧಕರು ರೆಡಿಟ್ ಎಂಬ ದೊಡ್ಡ ಚರ್ಚಾ ತಾಣದ ವಿಜ್ಞಾನ ವಿಭಾಗದಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. ಒಟ್ಟು 2,190 ಚರ್ಚೆಗಳಲ್ಲಿ ಕೆಲವಕ್ಕೆ ಮಾತ್ರ ತಲೆಯಲ್ಲೇ ನಿಯಮ ಕಾಣುವ ಹಾಗೆ ಇಟ್ಟರು. ನಿಯಮ ಕಂಡ ಕಡೆ ಅದನ್ನು ಪಾಲಿಸುವ ಹೊಸಬರ ಪ್ರಮಾಣ 8 ಶೇಕಡಾ ಅಂಶಕ್ಕಿಂತ ಜಾಸ್ತಿ ಏರಿತು. ಅದರ ಜೊತೆಗೆ ಚರ್ಚೆಯಲ್ಲಿ ಹೊಸಬರ ಪಾಲ್ಗೊಳ್ಳುವಿಕೆಯೂ ಸರಾಸರಿ ಶೇ 70ರಷ್ಟು ಹೆಚ್ಚಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶ ಇದು. ಇಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಗೊತ್ತಾದರೆ ಬಾಯಿ ಬಿಡಲು ಧೈರ್ಯ ಬರುತ್ತದೆ, ಅಲ್ವಾ?

ನಮ್ಮಲ್ಲೂ ಊರು, ತಿಂಗಳು ಬರೆಯುವವರು ಹೆಚ್ಚಾದರು. ಗೂಡಿನ ಫೋಟೊಗಳು ಕಡಿಮೆಯಾದವು. ಆದರೆ ಮತ್ತೆ ಬರುವವರ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕಾಣಲಿಲ್ಲ. ನಾಲ್ಕು ಸಾಲು ಪ್ರಶ್ನೆಯನ್ನು ಸರಿಮಾಡುತ್ತದೆ. ಉತ್ತರ ಕೊಡಬೇಕಾದವರು ಮನುಷ್ಯರೇ.

ನಮೂನೆಯ ಕಥೆ ಬೇರೆ. ನಮ್ಮ ತಾಣ ಡಿಸ್ಕೋರ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ನಡೆಯುತ್ತದೆ. ಅದರಲ್ಲಿ ಪ್ರತಿ ವಿಭಾಗಕ್ಕೂ ಒಂದು ಮಾದರಿ ಬರಹ ಕೂರಿಸಬಹುದು. ಹೊಸ ಪ್ರಶ್ನೆ ಬರೆಯಲು ಹೋದ ತಕ್ಷಣ ಪೆಟ್ಟಿಗೆಯಲ್ಲಿ ಅದು ಕಾಣಿಸುತ್ತದೆ. ಎಲ್ಲಿ ಕಂಡಿತು, ಯಾವಾಗ, ಎಷ್ಟು ದೊಡ್ಡದು, ಕೊಕ್ಕಿನ ಬಣ್ಣ, ಕಾಲಿನ ಬಣ್ಣ, ಏನು ಮಾಡುತ್ತಿತ್ತು, ಒಂಟಿಯೋ ಗುಂಪೋ, ಕೂಗು ಕೇಳಿಸಿತಾ? ಮೊದಲ ನಮೂನೆಯಲ್ಲಿ ಇಷ್ಟೂ ಇತ್ತು. ಬಿಳಿ ಹಕ್ಕಿಯ ಪ್ರಶ್ನೆಗೆ ಇದರಿಂದ ಬಹಳ ಅನುಕೂಲವಾಯಿತು. ಕೊಕ್ಕಿನ ಬಣ್ಣ ಬರೆಯಬೇಕು ಅಂದ ಮೇಲೆ ಕೇಳುವವರು ತಮ್ಮ ಫೋಟೊವನ್ನೇ ಇನ್ನೊಮ್ಮೆ ಹಿಗ್ಗಿಸಿ ನೋಡುತ್ತಾರೆ. ಅರ್ಧ ಕಲಿಕೆ ಅಲ್ಲೇ ಆಗಿಹೋಗುತ್ತದೆ. ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆಪ್ ಕೂಡ ಎಲ್ಲಿ, ಯಾವಾಗ, ಗಾತ್ರ ಎಷ್ಟು, ಬಣ್ಣ ಏನು ಅಂತ ಕೇಳಿಯೇ ಹಕ್ಕಿಗಳ ಪಟ್ಟಿ ಕೊಡುವುದು.

ಆದರೆ ಎಂಟು ಪ್ರಶ್ನೆ ಜಾಸ್ತಿ. ಫೋನಿನಲ್ಲಿ ಕನ್ನಡ ಟೈಪ್ ಮಾಡುವವರಿಗೆ ಅದು ಸರ್ಕಾರಿ ಅರ್ಜಿಯ ಥರ ಕಾಣುತ್ತದೆ. ಅದನ್ನು ಮೂರಕ್ಕೆ ಇಳಿಸಿದೆವು: ಎಲ್ಲಿ ಮತ್ತು ಯಾವಾಗ, ಗಾತ್ರ, ಕೊಕ್ಕು ಮತ್ತು ಕಾಲು. ಗಾತ್ರಕ್ಕೆ ಸೆಂಟಿಮೀಟರ್ ಕೇಳುವುದಿಲ್ಲ. ಗುಬ್ಬಿಯಷ್ಟಾ, ಗೊರವಂಕದಷ್ಟಾ, ಕಾಗೆಯಷ್ಟಾ, ಹದ್ದಿನಷ್ಟಾ ಅಂತ ಕೇಳುತ್ತೇವೆ. ಇದಾದ ಮೇಲೆ ಖಾಲಿ ಬಿಡುವವರು ಅಪರೂಪ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಈ ತಂತ್ರಾಂಶದಲ್ಲಿ ಮೊದಲಿನಿಂದ ಬರುವ ಕೆಲವು ಕಟ್ಟುಪಾಡುಗಳನ್ನು ನಿರ್ವಾಹಕರು ಒಮ್ಮೆ ಹೊಸಬರ ಕಣ್ಣಿನಿಂದ ನೋಡಲೇಬೇಕು. ಶೀರ್ಷಿಕೆಗೆ ಕನಿಷ್ಠ 15 ಅಕ್ಷರ ಬೇಕು. ‘ಇದು ಯಾವ ಹಕ್ಕಿ?’ ಅಂತ ಬರೆದರೆ, ಸ್ವರಚಿಹ್ನೆ, ಒತ್ತು, ಖಾಲಿ ಜಾಗ ಎಲ್ಲ ಸೇರಿಸಿ ಲೆಕ್ಕ ಹಾಕಿದರೂ 14 ಆಗುತ್ತದೆ. ಒಂದೇ ಒಂದು ಅಕ್ಷರಕ್ಕೆ ಪ್ರಶ್ನೆ ವಾಪಸ್. ಅದನ್ನು ಹೇಗೋ ಉದ್ದ ಮಾಡಿದರೂ, ಅದೇ ಶೀರ್ಷಿಕೆಯನ್ನು ಬೇರೆಯವರು ಮೊದಲೇ ಬಳಸಿದ್ದರೆ ಮತ್ತೆ ತಡೆ. ಹೊಸಬರು ಒಂದು ಬರಹದಲ್ಲಿ ಒಂದೇ ಚಿತ್ರ ಹಾಕಬಹುದು. ಈ ಕಟ್ಟುಪಾಡುಗಳಿಗೆ ಒಳ್ಳೆಯ ಕಾರಣ ಇದೆ. ಕಸದ ಜಾಹೀರಾತು ತುಂಬುವವರನ್ನು ಇವು ಬಾಗಿಲಲ್ಲೇ ತಡೆಯುತ್ತವೆ. ಆದರೆ ಹಕ್ಕಿ ಗುರುತಿಸಲು ಎರಡು ಮೂರು ಕೋನದ ಚಿತ್ರ ಬೇಕೇ ಬೇಕು. ಮೂರೂ ಸೆಟ್ಟಿಂಗ್‌ಗಳನ್ನು ಸಡಿಲಿಸಲು ಬರುತ್ತದೆ, ನಾವು ಸಡಿಲಿಸಿದೆವು. ದೊಡ್ಡ ಯೋಜನೆಗಳಿಗಿಂತ ಮೊದಲು ಮಾಡಬೇಕಾದ ಕೆಲಸ ಇದು.

ಮೂರನೆಯದು ಹೊಸಬರ ಕೋಣೆ. ಕಾಗದದ ಮೇಲೆ ಇದು ನನಗೆ ಬಹಳ ಇಷ್ಟವಾಗಿತ್ತು. ಇಂಗ್ಲಿಷ್ ವಿಕಿಪೀಡಿಯದಲ್ಲಿ 2012ರಲ್ಲಿ ಟೀಹೌಸ್ ಅಂತ ಒಂದು ಜಾಗ ಶುರುವಾಯಿತು. ಹೊಸಬರು ಅಲ್ಲಿ ಯಾವ ಪ್ರಶ್ನೆ ಬೇಕಾದರೂ ಕೇಳಬಹುದು. ಆತಿಥೇಯರು ಅಂತಲೇ ಇರುವ ಅನುಭವಿಗಳು ಸಮಾಧಾನವಾಗಿ ಉತ್ತರಿಸುತ್ತಾರೆ. ಅದು ಇವತ್ತಿಗೂ ನಡೆಯುತ್ತಿದೆ.

ನಮ್ಮಂಥ ಸಣ್ಣ ತಾಣಕ್ಕೆ ಅದು ಹೊಂದಲಿಲ್ಲ. ಹಳಬರು ತಮ್ಮ ಹಳೇ ಜಾಗದಲ್ಲೇ ಉಳಿದರು. ಹೊಸಬರ ಕೋಣೆಯಲ್ಲಿ ಹೊಸಬರೇ ಹೊಸಬರಿಗೆ ಉತ್ತರ ಹೇಳತೊಡಗಿದರು. ಮೈ ತುಂಬಾ ಬಿಳಿ ಚುಕ್ಕೆ ಇರುವ ಕಂದು ಬಣ್ಣದ ಹಕ್ಕಿಯ ಫೋಟೊ ಒಂದು ಬಂತು, ಕಾರಂಜಿ ಕೆರೆಯದು. ಕೊಳದ ಬಕ ಅಂತ ಮೂವರು ಒಪ್ಪಿಕೊಂಡರು. ಅದು ರಾತ್ರಿ ಬಕದ ಮರಿ, ಈಗಷ್ಟೇ ಹಾರಲು ಕಲಿತದ್ದು. ತಿದ್ದುವವರು ಆ ಕಡೆ ಬರುವ ತನಕ ಆ ಉತ್ತರ ಹಾಗೇ ನಿಂತಿತ್ತು. ಇನ್ನೂ ದೊಡ್ಡ ನಷ್ಟ ಬೇರೆ ಇತ್ತು. ಹಳಬರು ಪರಸ್ಪರ ವಾದ ಮಾಡುವುದನ್ನು ಹೊಸಬರು ನೋಡುತ್ತಲೇ ಇರಲಿಲ್ಲ. ಹದಿನಾರು ಎಂಬ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿದ ಸುದ್ದಿ ಪಕ್ಕದ ವಿಭಾಗದಲ್ಲಿ ಓಡುತ್ತಿರುತ್ತದೆ. ಇವರಿಗೆ ಅದರ ಸುಳಿವೇ ಇಲ್ಲ. ಕೇಳಿ ಕಲಿಯುವುದಕ್ಕಿಂತ ಪಕ್ಕದಲ್ಲಿ ಕೂತು ಕಲಿಯುವುದು ಜಾಸ್ತಿ. ಬೇರೆ ಕೋಣೆ ಅದನ್ನೇ ಕಿತ್ತುಕೊಳ್ಳುತ್ತದೆ. ಆ ಕೋಣೆ ಮುಚ್ಚಿದೆವು. ಆತಿಥೇಯರಾಗಲು ಸಾಕಷ್ಟು ಜನ ಇರುವ ದೊಡ್ಡ ತಾಣಕ್ಕೆ ಮಾತ್ರ ಇದನ್ನು ಹೇಳುತ್ತೇನೆ.

ನಾಲ್ಕನೆಯದು ಜೊತೆಗಾರರು. ವಾರಕ್ಕೊಬ್ಬರ ಪಾಳಿ. ಆ ವಾರ ಮೊದಲ ಸಲ ಬರೆದ ಪ್ರತಿಯೊಬ್ಬರಿಗೂ ಅದೇ ದಿನ ರಾತ್ರಿಯೊಳಗೆ ಅವರಿಂದ ಒಂದು ಉತ್ತರ ಹೋಗಬೇಕು. ಹಕ್ಕಿ ಯಾವುದು ಅಂತ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ‘ನೋಡಿದೆ, ತಿಳಿದವರನ್ನು ಕೇಳುತ್ತಿದ್ದೇನೆ’ ಅಂತಾದರೂ ಬರೆಯಬೇಕು. ಒಬ್ಬರು ಮೊದಲ ಸಲ ಬರೆದಾಗ ಡಿಸ್ಕೋರ್ಸ್ ಆ ಬರಹದ ಮೇಲೆ ಒಂದು ಗುರುತು ತೋರಿಸುತ್ತದೆ. ಹಾಗಾಗಿ ಹುಡುಕುವ ಕಷ್ಟ ಇಲ್ಲ.

ನಾವು ಇಟ್ಟುಕೊಂಡ ಒಂದೇ ಷರತ್ತು: ಬರೀ ಹೆಸರು ಹೇಳಬಾರದು. ‘ಗೋವಕ್ಕಿ’ ಅಂತ ಒಂದು ಪದ ಬರೆದು ಬಿಟ್ಟರೆ ಕೇಳಿದವರು ಥ್ಯಾಂಕ್ಸ್ ಹೇಳಿ ಹೊರಟು ಹೋಗುತ್ತಾರೆ. ‘ಗೋವಕ್ಕಿ. ಕೊಕ್ಕು ಹಳದಿ ಇದೆ ನೋಡಿ, ಕತ್ತೂ ಗಿಡ್ಡ. ಮರಿ ಮಾಡುವ ಕಾಲದಲ್ಲಿ ಇದರ ತಲೆ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಅದೇ ಗದ್ದೆಯಲ್ಲಿ ಕಪ್ಪು ಕೊಕ್ಕಿನದೂ ಇದೆಯಾ, ಒಮ್ಮೆ ನೋಡ್ತೀರಾ?’ ಹೀಗೆ ಬರೆದರೆ ಅವರು ನಾಳೆ ಮತ್ತೆ ಗದ್ದೆಗೆ ಹೋಗುತ್ತಾರೆ. ಹೋದವರು ಫೋಟೊ ತರುತ್ತಾರೆ. ನಾಲ್ಕು ದಾರಿಗಳಲ್ಲಿ ಜನ ವಾಪಸ್ ಬಂದದ್ದನ್ನು ನಾನು ಎದ್ದು ಕಾಣುವಷ್ಟು ನೋಡಿದ್ದು ಇಲ್ಲಿ ಮಾತ್ರ.

ನಿಯಮ ಮುರಿದಾಗಲೂ ಇದೇ ದಾರಿ ಕೆಲಸ ಮಾಡುತ್ತದೆ. ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಂದ ಒಬ್ಬರು ಗೂಡಿನ ಫೋಟೊ ಹಾಕಿದರು. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬೀದಿಯಲ್ಲಿ ನಿಂತು ಕತ್ತೆತ್ತಿದರೆ ಕಾಣುವ ಗೂಡಿಗೆ ಏನು ಗುಟ್ಟು ಅಂತ ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಫೋಟೊ ಸುಮ್ನೆ ಅಳಿಸಿದ್ದರೆ ಅವರನ್ನೂ ಕಳೆದುಕೊಳ್ಳುತ್ತಿದ್ದೆವು. ಪಾಳಿಯಲ್ಲಿದ್ದವರು ಕಾರಣ ಬಿಡಿಸಿ ಹೇಳಿದರು: ಆ ಊರಿನವರು ಹಕ್ಕಿಗಳ ಜೊತೆ ಬದುಕಿ ಕಾಯುತ್ತಾರೆ, ಹಕ್ಕಿಗಳೂ ಜನಕ್ಕೆ ಒಗ್ಗಿವೆ. ಬೇರೆ ಕಡೆ ಗೂಡಿನ ಹತ್ತಿರ ಕ್ಯಾಮೆರಾ ಹೋದರೆ ತಾಯಿ ಹಕ್ಕಿ ಗೂಡು ಬಿಟ್ಟು ಹೋಗಬಹುದು, ಕಾಗೆಗೆ ದಾರಿ ತೋರಿಸಿದಂತಾಗಬಹುದು. ಅವರೇ ಗೂಡಿನ ಫೋಟೊ ಅಳಿಸಿ, ಹಾರುವ ಕೊಕ್ಕರೆಯ ಚಿತ್ರ ಹಾಕಿದರು.

ಬೇರೆ ಕಡೆಯ ಅನುಭವವೂ ಇದನ್ನೇ ಹೇಳುತ್ತದೆ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2018ರಲ್ಲಿ, ಹೊಸಬರಿಗೆ ನಮ್ಮಲ್ಲಿ ಆದರ ಸಾಲದು ಅಂತ ಬಹಿರಂಗವಾಗಿ ಒಪ್ಪಿಕೊಂಡಿತು. ಅದೇ ವರ್ಷ ಹೊಸಬರ ಹೆಸರಿನ ಪಕ್ಕ ಗುರುತು ಹಾಕಿ, ಇವರೊಡನೆ ತಾಳ್ಮೆಯಿಂದ ಇರಿ ಅಂತ ಓದುಗರಿಗೆ ಸೂಚಿಸತೊಡಗಿತು. ಪ್ರಶ್ನೆ ಪ್ರಕಟಿಸುವ ಮೊದಲೇ ಅನುಭವಿಗಳು ಕರಡು ತಿದ್ದಿಕೊಡುವ ಪ್ರಯೋಗವೂ ಅಲ್ಲಿ ನಡೆದಿತ್ತು.

ಜೊತೆಗಾರರ ದಾರಿಯ ಕಷ್ಟ ದಣಿವು. ಚಳಿಗಾಲದಲ್ಲಿ ವಲಸೆ ಹಕ್ಕಿ ಬಂದಾಗ, ಫೆಬ್ರವರಿಯ ಹಿತ್ತಲ ಹಕ್ಕಿ ಎಣಿಕೆಯ ದಿನಗಳಲ್ಲಿ ಪ್ರಶ್ನೆಗಳ ಪ್ರವಾಹ. ಒಬ್ಬರ ಮೇಲೆ ಇಡೀ ಭಾರ ಬಿದ್ದರೆ ಉತ್ತರ ಚುಟುಕಾಗುತ್ತದೆ, ಆಮೇಲೆ ಒರಟಾಗುತ್ತದೆ. ಆ ತಿಂಗಳುಗಳಲ್ಲಿ ಇಬ್ಬರ ಪಾಳಿ ಹಾಕುತ್ತೇವೆ. ಖಾಸಗಿ ಸಂದೇಶದಲ್ಲಿ ಉತ್ತರ ಕೊಡುವುದನ್ನು ಬೇಡ ಅಂದಿದ್ದೇವೆ. ಹೊಸಬರಿಗೆ ಅದೇ ಇಷ್ಟ, ಎಲ್ಲರೆದುರು ಕೇಳುವ ನಾಚಿಕೆ ಇರುವುದಿಲ್ಲ. ಆದರೆ ಮುಂದೆ ಅದೇ ಬಿಳಿ ಹಕ್ಕಿ ಹುಡುಕಿಕೊಂಡು ಬರುವವರಿಗೆ ಆ ಉತ್ತರ ಸಿಗುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಒಂದೇ ಮಾಡಲು ಶಕ್ತಿ ಇದ್ದರೆ ಪಾಳಿ ಹಾಕಿ. ಎರಡನೆಯದಕ್ಕೆ ಮೂರು ಪ್ರಶ್ನೆಯ ನಮೂನೆ, ಅದು ಪಾಳಿಯವರ ಕೆಲಸವನ್ನೇ ಹಗುರ ಮಾಡುತ್ತದೆ. ನಾಲ್ಕು ಸಾಲಿನ ನಿಯಮಕ್ಕೆ ಖರ್ಚೇ ಇಲ್ಲ, ಇರಲಿ. ಬೇರೆ ಕೋಣೆ ಬೇಡ.

ಈ ನಾಲ್ಕರಲ್ಲಿ ಯಾವುದೂ ಮುಟ್ಟದ ಜನ ಇದ್ದಾರೆ. ಗದ್ದೆಯಲ್ಲಿ ದಿನವಿಡೀ ಹಕ್ಕಿಗಳ ಜೊತೆಗೇ ಇರುವ ಮಂಡ್ಯ, ಮದ್ದೂರು ಕಡೆಯ ರೈತರು. ಅವರಿಗೆ ಟೈಪ್ ಮಾಡುವುದು ಬೇಸರದ ಕೆಲಸ, ಮಾತು ಸಲೀಸು. ಧ್ವನಿಯಲ್ಲಿ ಕೇಳಿದ ಪ್ರಶ್ನೆಯನ್ನು ಪಾಳಿಯವರು ಬರೆದು ಹಾಕುವ ಏರ್ಪಾಡನ್ನು ಈ ಚಳಿಗಾಲ ಶುರು ಮಾಡುತ್ತಿದ್ದೇವೆ. ಬರೆದುಕೊಡಲು ಸಂಜೆ ಹೊತ್ತು ಬಿಡುವಿರುವ ಇನ್ನೂ ಒಬ್ಬಿಬ್ಬರು ಬೇಕಾಗಿದ್ದಾರೆ. ಹಕ್ಕಿ ಗೊತ್ತಿರಲೇಬೇಕು ಅಂತೇನಿಲ್ಲ.